ಮರಳುಗಾಡಿನಲ್ಲಿ ‘ಹೇ ಜೂಡ್’ ಹಾಡಿದವರು ಯಾರು?

ಓದುಗರ ಪ್ರಶ್ನೆ:
ಸ್ಟೀಫನ್ ಕಿಂಗ್ ಬರೆದ ‘ಡಾರ್ಕ್ ಟವರ್’ ಸರಣಿಯ ಮೊದಲ ಮೂರು ಪುಸ್ತಕ ಓದಿ ಮುಗಿಸಿದೆ. ಕಥೆ ನಡೆಯುವುದು ಬೇರೆ ಲೋಕದಲ್ಲಿ. ಆದರೂ ಅಲ್ಲಿನ ಹೆಂಡದಂಗಡಿಯಲ್ಲಿ ಬೀಟಲ್ಸ್ ತಂಡದ ‘ಹೇ ಜೂಡ್’ ಹಾಡುತ್ತಾರೆ. ಅದು ಹೇಗೆ? ಮೂರನೇ ಪುಸ್ತಕದಲ್ಲಿ ಲಡ್ ಪಟ್ಟಣದ ಡ್ರಮ್ ಸದ್ದಿನ ಭಾಗ ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಬೆಳಿಗ್ಗೆ ಆ ಡ್ರಮ್ಮಿನ ಮೂಲ ಹಾಡು ಹುಡುಕಿ ಕೇಳಿದರೆ ನಗು ಬಂತು. ಹಾಗಾದರೆ ನಾನು ಹೆದರಿದ್ದು ಯಾವುದಕ್ಕೆ? ಈ ಸರಣಿಯಿಂದ ಹುಟ್ಟಿದ ಹಾಡುಗಳಿದ್ದರೆ ಅವನ್ನೂ ತಿಳಿಸಿ. ಇನ್ನೊಂದು ವಿಷಯ. ತೀರ್ಥಹಳ್ಳಿ ಕಡೆಯ ಒಂದು ಊರನ್ನು ಇಟ್ಟುಕೊಂಡು ನಾನೂ ಒಂದು ದೆವ್ವದ ಧಾರಾವಾಹಿ ಬರೆಯುತ್ತಿದ್ದೇನೆ. ನಮ್ಮಜ್ಜಿ ಗದ್ದೆಯಲ್ಲಿ ಹಾಡುತ್ತಿದ್ದ ಒಂದು ನಾಟಿ ಹಾಡನ್ನು ಅದರಲ್ಲಿ ತರುವ ಆಸೆ. ಆದರೆ ಮೊದಲ ಸಾಲು ಬಿಟ್ಟರೆ ಏನೂ ನೆನಪಿಲ್ಲ. ಹೇಗೆ ಬಳಸಲಿ? ಮುಂದಿನ ಪುಸ್ತಕಗಳ ಕಥೆ ಮಾತ್ರ ಬಿಟ್ಟುಕೊಡಬೇಡಿ.

ಉತ್ತರ:
ಹಾಡು ಕೇಳಿ ನಗು ಬಂತು ಅಂದಿರಲ್ಲ, ಅಲ್ಲಿಂದಲೇ ಶುರು ಮಾಡೋಣ. ನಿಮ್ಮ ಪ್ರಶ್ನೆಗೆ ಅರ್ಧ ಉತ್ತರ ಆ ನಗುವಿನಲ್ಲೇ ಇದೆ.

ನೀವು ಹುಡುಕಿ ಕೇಳಿದ್ದು ‘ವೆಲ್ಕ್ರೋ ಫ್ಲೈ’. ಟೆಕ್ಸಾಸ್‌ನ ಝಡ್‌ಝಡ್ ಟಾಪ್ ತಂಡದ ಹಾಡು, 1985ರ ‘ಆಫ್ಟರ್‌ಬರ್ನರ್’ ಆಲ್ಬಂನಲ್ಲಿದೆ. ಪ್ಯಾಂಟಿಗೆ ಜಿಪ್ ಬದಲು ವೆಲ್ಕ್ರೋ ಪಟ್ಟಿ ಇದ್ದರೆ ಹೇಗಿರುತ್ತದೆ ಅನ್ನುವ ತಮಾಷೆಯ ಹಾಡು ಅದು. ಪಾರ್ಟಿಗಳಲ್ಲಿ ಕುಣಿಯಲಿಕ್ಕೆ ಮಾಡಿದ್ದು. ಅದರಲ್ಲಿ ಹೆದರುವಂಥದ್ದು ಒಂದು ಅಕ್ಷರವೂ ಇಲ್ಲ.

ಈಗ ಲಡ್ ಪಟ್ಟಣವನ್ನು ನೆನಪು ಮಾಡಿಕೊಳ್ಳಿ. ಊರು ಇನ್ನೂ ದೂರದಲ್ಲಿರುವಾಗಲೇ ರಾತ್ರಿಯ ಗಾಳಿಯಲ್ಲಿ ಡ್ರಮ್ ಕೇಳಿಸುತ್ತದೆ. ಇದನ್ನು ಎಲ್ಲೋ ಕೇಳಿದ್ದೇನಲ್ಲ ಅಂತ ನಮ್ಮ ಲೋಕದಿಂದ ಅಲ್ಲಿಗೆ ಹೋದ ಎಡ್ಡಿಗೆ ಅನ್ನಿಸುತ್ತದೆ. ಯಾವುದು ಅಂತ ಮಾತ್ರ ತಕ್ಷಣ ಹೊಳೆಯುವುದಿಲ್ಲ. ಊರೊಳಗೆ ಹೋದ ಮೇಲೆ ವಿಷಯ ತಿಳಿಯುತ್ತದೆ. ಬೀದಿ ಕಂಬಗಳಿಗೆಲ್ಲ ಸ್ಪೀಕರ್ ಕಟ್ಟಿದೆ. ಡ್ರಮ್ ಶುರುವಾದಾಗ ಆ ಊರಿನ ಒಂದು ಗುಂಪು ಚೀಟಿ ಎತ್ತುವ ಹಾಗೆ ಆಯ್ಕೆ ಮಾಡಿ ತಮ್ಮಲ್ಲೇ ಒಬ್ಬರನ್ನು ಅದೇ ಕಂಬಕ್ಕೆ ನೇಣು ಹಾಕುತ್ತದೆ. ಬಲಿ ಕೊಡದಿದ್ದರೆ ಯಂತ್ರಗಳ ಒಳಗಿರುವ ದೆವ್ವಗಳು ಎದ್ದು ಬರುತ್ತವೆ ಅನ್ನುವುದು ಅವರ ನಂಬಿಕೆ. ಅವರ ಪಾಲಿಗೆ ಅದು ದೇವರ ಡ್ರಮ್. ನೆಲದಡಿಯ ಅಡಗುತಾಣದಲ್ಲಿ ಕೂತವರು ಗುಂಡಿ ಒತ್ತುತ್ತಾರೆ, ಮೇಲೆ ಒಂದು ಜೀವ ಹೋಗುತ್ತದೆ. ಆ ಡ್ರಮ್ ಬಂದಿರುವುದು ವೆಲ್ಕ್ರೋ ಪ್ಯಾಂಟಿನ ಹಾಡಿನಿಂದ.

ಕಿಂಗ್ ಇಲ್ಲಿ ಹಾಡನ್ನು ಇಡಿಯಾಗಿ ತಂದಿಲ್ಲ ಅನ್ನುವುದನ್ನು ಗಮನಿಸಿ. ಮಾತು ತೆಗೆದರು. ಗಿಟಾರ್ ತೆಗೆದರು. ಡ್ರಮ್ ಒಂದನ್ನೇ ಉಳಿಸಿಕೊಂಡರು. ಸೌಂಡ್ ಎಡಿಟಿಂಗ್ ಮಾಡುವ ನನಗೆ ಆ ಪುಟಗಳನ್ನು ಓದಿದಾಗ ಮೈ ಜುಂ ಅಂದಿದ್ದು ಇದಕ್ಕೇ. ಇದು ನಾವು ದಿನಾ ಮಾಡುವ ಕೆಲಸ. ಒಂದು ಹಾಡಿಗೆ ನಲವತ್ತೋ ಐವತ್ತೋ ಟ್ರ್ಯಾಕ್ ಇರುತ್ತವೆ. ಒಂದೊಂದನ್ನೇ ಮ್ಯೂಟ್ ಮಾಡಿ ಉಳಿದದ್ದನ್ನು ಕೇಳುತ್ತೇವೆ. ಒಮ್ಮೆ ಒಂದು ಮದುವೆ ಹಾಡಿನ ಮಿಕ್ಸಿಂಗ್ ನಡೆದಿತ್ತು. ಗಾಯಕಿಯ ದನಿ, ನಾಗಸ್ವರ, ಕೊಳಲು ಎಲ್ಲ ಮ್ಯೂಟ್ ಆಗಿ ತಾಳದ ಟ್ರ್ಯಾಕ್ ಮಾತ್ರ ಓಡುತ್ತಿತ್ತು. ಟೀ ತಂದುಕೊಡುವ ಹುಡುಗ ಬಾಗಿಲಲ್ಲೇ ನಿಂತ. ‘ಸಾರ್, ಕೊಲೆ ಸೀನಾ ಇದು?’ ಅಂತ ಕೇಳಿದ. ನಾನು ಎಲ್ಲ ಟ್ರ್ಯಾಕ್ ಮತ್ತೆ ಬಿಟ್ಟೆ. ಎರಡೇ ಸೆಕೆಂಡಿಗೆ ಅದು ಮದುವೆ ಮನೆ ಆಯಿತು. ತಾಳ ಒಂದಿಷ್ಟೂ ಬದಲಾಗಿರಲಿಲ್ಲ.

ತಾಳಕ್ಕೆ ತನ್ನದೇ ಅರ್ಥ ಕಡಿಮೆ. ರಾಗ, ಮಾತು, ಸಂದರ್ಭ ಸೇರಿ ಅದಕ್ಕೆ ಅರ್ಥ ಕೊಡುತ್ತವೆ. ಅವನ್ನು ತೆಗೆದರೆ ಖಾಲಿ ಜಾಗ ಉಳಿಯುತ್ತದೆ. ಹೆದರಿದ ಮನಸ್ಸು ಆ ಜಾಗವನ್ನು ತನ್ನ ಹೆದರಿಕೆಯಿಂದಲೇ ತುಂಬುತ್ತದೆ. ಇನ್ನೂ ಒಂದು ಸಂಗತಿ ಇದೆ. ‘ಆಫ್ಟರ್‌ಬರ್ನರ್’ ಸಿಂಥಸೈಜರ್ ಮತ್ತು ಯಂತ್ರದ ಡ್ರಮ್ ಸದ್ದು ತುಂಬಿದ ಆಲ್ಬಂ. ಮನುಷ್ಯ ಬಾರಿಸಿದರೆ ಕೈ ಸೋಲುತ್ತದೆ, ಏಟು ಕೂದಲೆಳೆಯಷ್ಟು ಹಿಂದೆ ಮುಂದೆ ಆಗುತ್ತದೆ. ಯಂತ್ರಕ್ಕೆ ಸುಸ್ತು ಇಲ್ಲ. ಒಂದೇ ತೂಕದ ಏಟು, ಒಂದೇ ಅಳತೆಯ ಬಿಡುವು, ಗಂಟೆಗಟ್ಟಲೆ. ಕುಣಿಯುವವರಿಗೆ ಅದು ಹಿತ. ಕತ್ತಲಲ್ಲಿ ಒಬ್ಬರೇ ಕೂತು ಕೇಳುವವರಿಗೆ ಮಾತ್ರ ಆಚೆ ಯಾವ ಜೀವವೂ ಇಲ್ಲ ಅನ್ನಿಸುತ್ತದೆ. ಡ್ರಮ್ಮಿನ ತಗ್ಗು ಸ್ವರ ಗಾಳಿಯಲ್ಲಿ ಬೇಗ ಕರಗುವುದೂ ಇಲ್ಲ, ಗೋಡೆ ಮೂಲೆಗಳನ್ನು ಬಳಸಿಕೊಂಡು ಬರುತ್ತದೆ. ಅದಕ್ಕೇ ಪಕ್ಕದ ಬೀದಿಯ ಮೆರವಣಿಗೆಯಿಂದ ನಮಗೆ ಮೊದಲು ಕೇಳುವುದು ‘ಧಂ ಧಂ’ ಮಾತ್ರ, ಹಾಡು ಆಮೇಲೆ.

ನಮ್ಮ ಊರುಗಳಲ್ಲಿ ತಮಟೆ ಸದ್ದು ಕೇಳಿದ ಕೂಡಲೇ ಹಿರಿಯರು ಹೇಳಿಬಿಡುತ್ತಾರೆ, ಅದು ಜಾತ್ರೆಯ ಏಟೋ ಸಾವಿನ ಏಟೋ ಅಂತ. ಚರ್ಮ ಅದೇ, ಕೋಲು ಅದೇ, ಬಾರಿಸುವವರೂ ಅವರೇ. ಏಟಿನ ಅರ್ಥ ಊರಿನ ನೆನಪಿನಲ್ಲಿದೆ. ಲಡ್ ಅಂದರೆ ಆ ನೆನಪು ಪೂರ್ತಿ ಅಳಿಸಿಹೋದ ಊರು. ಕುಣಿತದ ಏಟು ಕೇಳಿ ಹೆಣ ಹೊರುವ ಊರು. ನೀವು ಹೆದರಿದ್ದು ಆ ಹಾಡಿಗಲ್ಲ. ಆ ಹಾಡು ಯಾಕಿತ್ತು ಅನ್ನುವುದನ್ನೇ ಮರೆತ ಜನಕ್ಕೆ.

ಇಡೀ ಸರಣಿಯ ಭಯವೇ ಇದು ಅಂತ ನನ್ನ ಅಭಿಪ್ರಾಯ. ರಾಕ್ಷಸರು, ಮಾಟಗಾರರು, ಕೆಟ್ಟುಹೋದ ಯಂತ್ರಗಳು ಎಲ್ಲ ಇವೆ ನಿಜ. ಆದರೆ ಕಥಾನಾಯಕ ರೋಲಂಡನ ಲೋಕದ ಜನ ಪದೇ ಪದೇ ಹೇಳುವ ಮಾತು ಯಾವುದು? ಲೋಕ ಮುಂದಕ್ಕೆ ಹೋಗಿಬಿಟ್ಟಿದೆ ಅನ್ನುವುದು. ವಸ್ತುಗಳು ಉಳಿದಿವೆ, ಅವು ಯಾತಕ್ಕೆ ಅಂತ ಗೊತ್ತಿದ್ದವರು ಹೋಗಿದ್ದಾರೆ. ಪಂಪು ಇದೆ, ನಡೆಸಲು ಬರುವುದಿಲ್ಲ. ರೈಲು ಇದೆ, ಅದಕ್ಕೆ ಹುಚ್ಚು ಹಿಡಿದಿದೆ. ಹಾಡು ಇದೆ, ಯಾರದು ಅಂತ ಗೊತ್ತಿಲ್ಲ.

ಈ ಬೆಳಕಿನಲ್ಲಿ ‘ಹೇ ಜೂಡ್’ ನೋಡಿ. ಸರಣಿಯ ಮೊದಲನೆಯದಾದ ‘ದಿ ಗನ್‌ಸ್ಲಿಂಗರ್’ 1982ರಲ್ಲಿ ಪುಸ್ತಕವಾಗಿ ಬಂತು. ಅದಕ್ಕೂ ಮೊದಲು, 1978ರಿಂದ 1981ರವರೆಗೆ, ಐದು ಬಿಡಿ ಕಥೆಗಳಾಗಿ ಪತ್ರಿಕೆಯಲ್ಲಿ ಪ್ರಕಟವಾಗಿತ್ತು. 2003ರಲ್ಲಿ ಕಿಂಗ್ ಅದನ್ನು ತಿದ್ದಿ ಮತ್ತೆ ಪ್ರಕಟಿಸಿದರು. ಬೇಕಾದಷ್ಟು ಬದಲಾಯಿಸಿದರೂ ಈ ಹಾಡನ್ನು ಮುಟ್ಟಲಿಲ್ಲ. ರೋಲಂಡ್ ಮರಳುಗಾಡಿನ ಅಂಚಿನ ಟಲ್ ಅನ್ನುವ ಊರಿಗೆ ಬರುತ್ತಾನೆ. ಹೆಂಡದಂಗಡಿಯಿಂದ ಪಿಯಾನೋ ಕೇಳುತ್ತದೆ. ಕುಡಿದವರು ಗುಂಪಾಗಿ ಹಾಡಿನ ಕೊನೆಯ ಭಾಗ ಎಳೆಯುತ್ತಿದ್ದಾರೆ. ಆ ‘ನಾ ನಾ ನಾ’ ಭಾಗ.

ಕೊನೆಯ ಭಾಗವನ್ನೇ ಯಾಕೆ ಆರಿಸಿದರು? ಹಾಡು ಪೂರ್ತಿ ಏಳು ನಿಮಿಷ ಹನ್ನೊಂದು ಸೆಕೆಂಡ್ ಇದೆ. ಅದರಲ್ಲಿ ಹೆಚ್ಚು ಕಡಿಮೆ ನಾಲ್ಕು ನಿಮಿಷ ಬರೀ ‘ನಾ ನಾ ನಾ’. ಲಂಡನ್ನಿನ ಟ್ರೈಡೆಂಟ್ ಸ್ಟುಡಿಯೋದಲ್ಲಿ 1968ರ ಜುಲೈ ಕೊನೆ, ಆಗಸ್ಟ್ ಮೊದಲಲ್ಲಿ ಇದು ರೆಕಾರ್ಡ್ ಆಯಿತು. 36 ಜನರ ಆರ್ಕೆಸ್ಟ್ರಾ ಕರೆಸಿದ್ದರು. ವಾದ್ಯ ನುಡಿಸಲು ಬಂದವರನ್ನೇ ಕೊನೆಯಲ್ಲಿ ಚಪ್ಪಾಳೆ ತಟ್ಟಿ ದನಿಗೂಡಿಸಿ ಅಂತ ಕೇಳಿಕೊಂಡರು. ಮಾತು ಬಾರದವರೂ ಸೇರಿಕೊಳ್ಳಬಹುದಾದ ಭಾಗ ಅದು. ಒಂದು ಲೋಕ ಮುಳುಗಿ ಸಾವಿರಾರು ವರ್ಷ ಕಳೆದರೂ ಈ ಹಾಡಿನಲ್ಲಿ ಏನಾದರೂ ಉಳಿಯುವುದಾದರೆ ಇದೇ ಉಳಿಯಬೇಕು, ಅಲ್ವಾ?

ಆದರೆ ನನ್ನ ಎದೆಗೆ ನಾಟಿದ್ದು ಬೇರೆ. ಬೀಟಲ್ಸ್ ತಂಡದ ಪಾಲ್ ಮೆಕಾರ್ಟ್ನಿ ಈ ಹಾಡು ಕಟ್ಟಿದ್ದು ಒಂದು ಮಗುವನ್ನು ಸಮಾಧಾನ ಮಾಡಲಿಕ್ಕೆ. ಅದೇ ತಂಡದ ಜಾನ್ ಲೆನನ್ ಮತ್ತು ಅವರ ಹೆಂಡತಿ ಸಿಂಥಿಯಾ ಆಗ ಬೇರೆಯಾಗುತ್ತಿದ್ದರು. ಅವರ ಮಗ ಜೂಲಿಯನ್‌ಗೆ ಐದು ವರ್ಷ. ತಾಯಿ ಮಗನನ್ನು ನೋಡಲು ಕಾರಿನಲ್ಲಿ ಹೋಗುವಾಗ ಪಾಲ್‌ಗೆ ‘ಹೇ ಜೂಲ್ಸ್’ ಅನ್ನುವ ಸಾಲು ಹೊಳೆಯಿತು. ಆಮೇಲೆ ಅದು ‘ಜೂಡ್’ ಆಯಿತು. ಅಪ್ಪ ಬಿಟ್ಟುಹೋದ ಹುಡುಗನ ಹಾಡು ಅದು. ಮತ್ತೆ ‘ದಿ ಗನ್‌ಸ್ಲಿಂಗರ್’ ಯಾರ ಕಥೆ? ತಾನು ಹುಡುಕಿ ಹೊರಟ ಗೋಪುರಕ್ಕೋಸ್ಕರ ಜೇಕ್ ಅನ್ನುವ ಹುಡುಗನನ್ನು ಪ್ರಪಾತಕ್ಕೆ ಬೀಳಲು ಬಿಟ್ಟವನ ಕಥೆ. ಜೇಕ್ ಇನ್ನೂ ಕಥೆಯೊಳಗೆ ಕಾಲಿಟ್ಟೇ ಇಲ್ಲ, ಅವನ ಹಾಡನ್ನು ಕುಡುಕರು ಆಗಲೇ ಹಾಡುತ್ತಿದ್ದಾರೆ. ಯಾರನ್ನು ಸಮಾಧಾನ ಮಾಡುತ್ತಿದ್ದೇವೆ ಅಂತ ಅವರಿಗೆ ಗೊತ್ತಿಲ್ಲ. ಕೇಳುತ್ತ ನಿಂತ ರೋಲಂಡನಿಗೂ ಗೊತ್ತಿಲ್ಲ. ಎರಡನೇ ಸಲ ಓದುವಾಗ ಆ ಪುಟ ದಾಟಲು ನನಗೆ ಕಷ್ಟವಾಯಿತು.

‘ಹಾಡು ಅಲ್ಲಿಗೆ ಹೇಗೆ ಬಂತು’ ಅಂತ ನೀವು ಕೇಳಿದ್ದಕ್ಕೆ ಕಥೆಯೊಳಗಿನ ಉತ್ತರ ಚಿಕ್ಕದು. ಲೋಕಗಳ ನಡುವಿನ ಗೋಡೆ ಅಲ್ಲಲ್ಲಿ ತೆಳುವಾಗಿದೆ, ಬಾಗಿಲುಗಳಿವೆ, ಸದ್ದುಗಳು ಸೋರುತ್ತವೆ. ನಾಲ್ಕನೇ ಪುಸ್ತಕದಲ್ಲಿ ಇಂಥ ತೆಳುವಾದ ಜಾಗದ ಸದ್ದನ್ನೇ ಕೇಳುತ್ತೀರಿ. ಕಿವಿ ಕೊರೆಯುವ, ಅಲೆಅಲೆಯಾಗಿ ನರಳುವ ಸದ್ದು ಅದು. ರೋಲಂಡ್ ತನ್ನ ಬಂದೂಕಿನ ಗುಂಡುಗಳನ್ನೇ ತೆಗೆದು ಎಲ್ಲರಿಗೂ ಕಿವಿಗೆ ಇಟ್ಟುಕೊಳ್ಳಲು ಕೊಡುತ್ತಾನೆ. ಕೊಲ್ಲುವ ಗುಂಡು ಕಿವಿಯ ಬಿರಡೆ ಆಗುವ ಆ ದೃಶ್ಯ ಮರೆಯುವಂಥದ್ದಲ್ಲ. ಐದನೇ ಪುಸ್ತಕದಿಂದ ಲೋಕ ದಾಟುವಾಗ ಕೇಳುವ ಗಂಟೆಗಳ ನಾದವೂ ಬರುತ್ತದೆ. ‘ಕಮ್ಮೆನ್’ ಅಂತ ಅದರ ಹೆಸರು. ಮೊದಲ ಕ್ಷಣ ಸುಂದರ, ಆಮೇಲೆ ತಲೆಬುರುಡೆ ಸಿಡಿಯುವಷ್ಟು ನೋವು. ಇಷ್ಟು ಸಾಕು, ಕಥೆಗೆ ಕೈ ಹಾಕುವುದಿಲ್ಲ.

ಇನ್ನೊಂದು ಬಗೆಯ ಹಾಡುಗಳೂ ಈ ಸರಣಿಯಲ್ಲಿವೆ. ಹೆದರಿಸದೆ ಕೈ ಹಿಡಿಯುವ ಹಾಡುಗಳು. ಓದುಗರು ಇವುಗಳ ಬಗ್ಗೆ ಮಾತಾಡುವುದು ಕಡಿಮೆ. ನನಗೆ ಇವೇ ಜಾಸ್ತಿ ಇಷ್ಟ.

ಎರಡನೇ ಪುಸ್ತಕದ ಒಡೆಟ್ಟಾ ಹೋಮ್ಸ್ ನೆನಪಿದ್ದಾಳಲ್ಲ. 1964ರ ನ್ಯೂಯಾರ್ಕಿನಿಂದ ಬಂದವಳು, ಕರಿಯರ ನಾಗರಿಕ ಹಕ್ಕುಗಳಿಗೆ ಹೋರಾಡಿದವಳು, ಮುಂದೆ ಸುಸಾನಾ ಆದವಳು. ಕಥೆಯೊಳಗೆ ಆ ಹೆಸರಿಗೆ ಬೇರೆ ಕಾರಣ ಕೊಟ್ಟಿದ್ದಾರೆ. ಆದರೆ ಕಥೆಯ ಹೊರಗೆ, ನಮ್ಮ ಲೋಕದಲ್ಲಿ, ಒಡೆಟ್ಟಾ ಅನ್ನುವ ದೊಡ್ಡ ಜಾನಪದ ಗಾಯಕಿ ಇದ್ದರು. 1930ರಲ್ಲಿ ಅಲಬಾಮಾದ ಬರ್ಮಿಂಗ್‌ಹ್ಯಾಮ್‌ನಲ್ಲಿ ಹುಟ್ಟಿದವರು. ಹುಟ್ಟಿದಾಗ ಅವರ ಹೆಸರು ಒಡೆಟ್ಟಾ ಹೋಮ್ಸ್. 1963ರ ಆಗಸ್ಟ್‌ನಲ್ಲಿ ವಾಷಿಂಗ್ಟನ್ ಮೆರವಣಿಗೆಯಲ್ಲಿ ‘ಓ ಫ್ರೀಡಂ’ ಹಾಡಿದವರು. ಅವರ ದನಿ ಕೇಳಿ. ಎದೆಯ ಆಳದಿಂದ ಬರುವ ದಪ್ಪ ದನಿ, ಗಿಟಾರ್ ತಂತಿಗೆ ಕೈ ಬೀಳುವಾಗ ಸುತ್ತಿಗೆ ಏಟು ಬಿದ್ದ ಹಾಗಿರುತ್ತದೆ. ಕಲ್ಲು ಒಡೆಯುವ ಕೈದಿಗಳ ಹಾಡುಗಳನ್ನು ಹಾಡಿ ಹಾಡಿ ಬಂದ ಬಲ ಅದು. ಈ ದನಿ ಕಿವಿಯಲ್ಲಿ ಇಟ್ಟುಕೊಂಡು ಎರಡನೇ ಪುಸ್ತಕ ಮತ್ತೆ ಓದಿದರೆ ಆ ಹೆಣ್ಣುಮಗಳು ಎದುರಿಗೇ ಬಂದು ನಿಲ್ಲುತ್ತಾಳೆ.

ಮುಂದಿನ ಪುಸ್ತಕಗಳಲ್ಲಿ ಸುಸಾನಾ ‘ಮೇಡ್ ಆಫ್ ಕಾನ್‌ಸ್ಟಂಟ್ ಸಾರೋ’ ಹಾಡುತ್ತಾಳೆ. ಯಾವಾಗ, ಯಾರೆದುರು ಅಂತ ಹೇಳುವುದಿಲ್ಲ. ಇದು ಮೂಲದಲ್ಲಿ ಗಂಡಸಿನ ಹಾಡು. ತಾನು ಬದುಕಿನುದ್ದಕ್ಕೂ ದುಃಖವನ್ನೇ ಉಂಡವನು ಅಂತ ಹೇಳಿಕೊಳ್ಳುವ ಹಾಡು. ಕೆಂಟಕಿಯ ಡಿಕ್ ಬರ್ನೆಟ್ ಅನ್ನುವ ಕಣ್ಣು ಕಳೆದುಕೊಂಡ ಪಿಟೀಲುವಾದಕ 1913ರ ಹೊತ್ತಿಗೆ ಅಚ್ಚು ಹಾಕಿಸಿದ್ದರು. ವಯಸ್ಸಾದ ಮೇಲೆ ಅವರನ್ನು ‘ಇದು ನೀವೇ ಬರೆದದ್ದಾ?’ ಅಂತ ಕೇಳಿದರೆ ಅವರಿಗೇ ಖಾತ್ರಿ ಇರಲಿಲ್ಲ. ಬೇರೆ ಯಾರಿಂದಲೋ ಬಂದಿರಬೇಕು ಅಂದರು. ಹೆಂಗಸರು ಅದನ್ನು ತಮ್ಮದಾಗಿ ಮಾಡಿಕೊಂಡರು. ಜೂಡಿ ಕಾಲಿನ್ಸ್ 1961ರ ತಮ್ಮ ಮೊದಲ ಆಲ್ಬಂಗೆ ಇದೇ ಹೆಸರಿಟ್ಟರು.

ಲಡ್ಡಿನ ಡ್ರಮ್ಮಿಗೆ ಒಡೆಯರಿದ್ದರು, ತಂಡ ಇತ್ತು, ಆಲ್ಬಂ ಇತ್ತು. ಆದರೂ ಅದು ಅನಾಥವಾಯಿತು. ಬರ್ನೆಟ್ ಹಾಡಿಗೆ ಒಡೆಯರು ಯಾರು ಅಂತ ಹಾಡಿದವರಿಗೇ ಗೊತ್ತಿರಲಿಲ್ಲ. ಆದರೂ ಅದು ಅನಾಥವಾಗಲಿಲ್ಲ. ಯಾಕೆಂದರೆ ಅದನ್ನು ಬಾಯಿಗೆ ತೆಗೆದುಕೊಂಡ ಪ್ರತಿಯೊಬ್ಬರಿಗೂ ಅದು ಯಾತಕ್ಕೆ ಅಂತ ಗೊತ್ತಿತ್ತು. ದುಃಖ ಹಂಚಿಕೊಳ್ಳಲಿಕ್ಕೆ.

‘ಕೇರ್‌ಲೆಸ್ ಲವ್’ ಕೂಡ ಹಾಗೇ, ಕಟ್ಟಿದವರು ಯಾರೆಂದು ತಿಳಿಯದ ಹಳೇ ಹಾಡು. ನಾಲ್ಕನೇ ಪುಸ್ತಕ ‘ವಿಝರ್ಡ್ ಅಂಡ್ ಗ್ಲಾಸ್’ (1997) ಪೂರ್ತಿ ಅದರ ನೆರಳಿನಲ್ಲೇ ನಡೆಯುತ್ತದೆ. ರೋಲಂಡ್ ಹದಿನಾಲ್ಕರ ಹುಡುಗನಾಗಿದ್ದಾಗಿನ ಕಥೆ. ಸೂಸನ್ ಅನ್ನುವ ಹುಡುಗಿಯ ಬಾಯಲ್ಲಿ ಈ ಹಾಡು ಬರುತ್ತದೆ. ನೀವು ಓದುವ ಮೊದಲು ಬೆಸ್ಸೀ ಸ್ಮಿತ್ 1925ರಲ್ಲಿ ಹಾಡಿದ್ದನ್ನು ಕೇಳಿ. ಅದರಲ್ಲಿ ತುತ್ತೂರಿ ಜಾತಿಯ ಕಾರ್ನೆಟ್ ನುಡಿಸಿದವರು ಲೂಯಿ ಆರ್ಮ್‌ಸ್ಟ್ರಾಂಗ್. ಹಳೆಯ ರೆಕಾರ್ಡು, ಕರಕರ ಸದ್ದು ಇರುತ್ತದೆ. ಬೇಜಾರಾಗಬೇಡಿ. ಅವರು ಒಂದು ಸಾಲು ಮುಗಿಸಿ ಉಸಿರು ತೆಗೆದುಕೊಳ್ಳುವ ಸಂದಿಯಲ್ಲಿ ಕಾರ್ನೆಟ್ ಬಂದು ಉತ್ತರ ಹೇಳುತ್ತದೆ. ಅಕ್ಕ ಅಳುತ್ತಿದ್ದರೆ ಪಕ್ಕದಲ್ಲಿ ಕೂತು ‘ಹೂಂ, ಹೂಂ’ ಅನ್ನುವ ತಮ್ಮನ ಹಾಗೆ.

ಇನ್ನು ‘ಕಮಾಲಾ’. ಇದು ಕಿಂಗ್ ತಾವೇ ಕಟ್ಟಿದ ಹಾಡು. ನಿಮಗೆ ಇದರ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು, ಯಾಕೆಂದರೆ ಇದು ಭತ್ತದ ಹಾಡು. ‘ವುಲ್ವ್ಸ್ ಆಫ್ ದಿ ಕಲ್ಲಾ’ (2003) ನಡೆಯುವುದು ಭತ್ತ ಬೆಳೆಯುವ ಹಳ್ಳಿಯಲ್ಲಿ. ಅವರ ಅನ್ನದ ದೇವತೆಗೆ ಒರೈಝಾ ಅಂತ ಹೆಸರು. ಭತ್ತದ ಸಸ್ಯಶಾಸ್ತ್ರೀಯ ಹೆಸರು ಕೂಡ ಒರೈಝಾ ಸಟೈವಾ. ‘ಕಮಾಲಾ’ ಅನ್ನುವ ಒಂದೇ ಪದಕ್ಕೆ ಆ ಊರಲ್ಲಿ ಹತ್ತಾರು ಅರ್ಥ. ಭತ್ತದ ತಳಿ ಅಂತಲೂ ಆಗುತ್ತದೆ, ಊಟದ ಶುರು ಅಂತಲೂ ಆಗುತ್ತದೆ, ಗಂಡುಹೆಣ್ಣು ಕೂಡುವುದಕ್ಕೂ ಅದೇ ಮಾತು. ಮಣ್ಣಿನ ಜೊತೆ ಬದುಕುವ ಜನರ ಹಾಡು ಹೀಗೇ ಇರುತ್ತದೆ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. ಗದ್ದೆ ಹಾಡಿನಲ್ಲಿ ಸಸಿಯೂ ಬರುತ್ತದೆ, ಮಳೆಯೂ ಬರುತ್ತದೆ, ನಾದಿನಿ ಮೈದುನನ ಚೇಷ್ಟೆಯೂ ಬರುತ್ತದೆ. ಮುಂದಿನ ಪುಸ್ತಕ ‘ಸಾಂಗ್ ಆಫ್ ಸುಸಾನಾ’ದಲ್ಲಿ (2004) ಅಧ್ಯಾಯಗಳಿಗೆ ಅಧ್ಯಾಯ ಅನ್ನುವ ಹೆಸರೇ ಇಲ್ಲ. ಅವು ಹಾಡಿನ ಪದ್ಯಗಳು. ಪ್ರತಿಯೊಂದರ ಕೊನೆಗೂ ಕಮಾಲಾ ಧಾಟಿಯ ಒಂದು ಸೊಲ್ಲು, ಅದಕ್ಕೊಂದು ಮರುಸೊಲ್ಲು. ಒಬ್ಬರು ಹೇಳುವುದು, ಉಳಿದವರು ಹಿಡಿದುಕೊಳ್ಳುವುದು. ಅದೇ ಭತ್ತದ ಹಾಡು ಬರಬರುತ್ತ ಏನಾಗುತ್ತದೆ ಅನ್ನುವುದನ್ನು ನೀವೇ ಓದಿ.

ಸರಣಿ ಹುಟ್ಟಿದ್ದರಲ್ಲೂ ಸಂಗೀತದ ಪಾಲಿದೆ. ರಾಬರ್ಟ್ ಬ್ರೌನಿಂಗ್ 1855ರಲ್ಲಿ ಪ್ರಕಟಿಸಿದ ಒಂದು ಕವಿತೆಯಿಂದ ಗೋಪುರ ಮತ್ತು ರೋಲಂಡ್ ಅನ್ನುವ ಹೆಸರು ಬಂತು. ಆ ಕವಿತೆ ಮುಗಿಯುವುದು ಒಬ್ಬ ವೀರ ಗೋಪುರದೆದುರು ಕೊಂಬು ಊದುವುದರಲ್ಲಿ. ಮುಂದೆ ನಿಮ್ಮ ಪುಸ್ತಕಗಳಲ್ಲೂ ಒಂದು ಕೊಂಬಿನ ಮಾತು ಬಂದರೆ ಸುಮ್ನೆ ದಾಟಿ ಹೋಗಬೇಡಿ. ಇನ್ನೊಂದು ಮೂಲ ಸೆರ್ಜಿಯೋ ಲಿಯೋನೆಯ 1966ರ ಸಿನಿಮಾ ‘ದಿ ಗುಡ್, ದಿ ಬ್ಯಾಡ್ ಅಂಡ್ ದಿ ಅಗ್ಲಿ’. ಮೇನ್ ರಾಜ್ಯದ ಬ್ಯಾಂಗರ್ ಊರಿನ, ಹೆಚ್ಚು ಕಡಿಮೆ ಖಾಲಿ ಇದ್ದ ಥಿಯೇಟರಿನಲ್ಲಿ 1970ರಲ್ಲಿ ಅದನ್ನು ನೋಡಿದೆ ಅಂತ ಕಿಂಗ್ ಬರೆದಿದ್ದಾರೆ. ಅದರ ಸಂಗೀತ ಎನ್ನಿಯೋ ಮೊರಿಕೋನೆ ಅವರದು. ತೋಳ ಊಳಿಟ್ಟ ಹಾಗೆ ಎರಡೇ ಸ್ವರದ ಒಂದು ಕೂಗು. ಅದೇ ಕೂಗು ಒಬ್ಬನಿಗೆ ಕೊಳಲಿನಲ್ಲಿ, ಇನ್ನೊಬ್ಬನಿಗೆ ಒಕರೀನಾ ಅನ್ನುವ ಮಣ್ಣಿನ ಊದುವ ವಾದ್ಯದಲ್ಲಿ, ಮೂರನೆಯವನಿಗೆ ಮನುಷ್ಯರ ದನಿಯಲ್ಲಿ ಬರುತ್ತದೆ. ಅದನ್ನು ಹಾಕಿಕೊಂಡು ‘ದಿ ಗನ್‌ಸ್ಲಿಂಗರ್’ ಮೊದಲ ಪುಟ ಮತ್ತೆ ಓದಿ ನೋಡಿ, ಮರಳಿನ ಬಿಸಿ ತಟ್ಟುತ್ತದೆ.

ಸರಣಿಯಿಂದ ಹುಟ್ಟಿದ ಹಾಡುಗಳಲ್ಲಿ ಜಾಸ್ತಿ ಪಾಲು ಅಬ್ಬರದ ಮೆಟಲ್ ರಾಕ್ ತಂಡಗಳದು. ಆಂಥ್ರಾಕ್ಸ್ 1985ರ ‘ಸ್ಪ್ರೆಡಿಂಗ್ ದಿ ಡಿಸೀಸ್’ ಆಲ್ಬಂನಲ್ಲಿ ‘ಲೋನ್ ಜಸ್ಟಿಸ್’ ಮಾಡಿತು. ಅದೇ ತಂಡದ 1987ರ ‘ಅಮಾಂಗ್ ದಿ ಲಿವಿಂಗ್’ ಆಲ್ಬಂನಲ್ಲಿ ಅದೇ ಹೆಸರಿನ ಹಾಡು ಕಿಂಗ್ ಅವರದೇ ‘ದಿ ಸ್ಟ್ಯಾಂಡ್’ ಕಾದಂಬರಿಯದು. ಜರ್ಮನಿಯ ಬ್ಲೈಂಡ್ ಗಾರ್ಡಿಯನ್ 1992ರಲ್ಲಿ ‘ಸಮ್‌ವೇರ್ ಫಾರ್ ಬಿಯಾಂಡ್’ ಹಾಡಿತು. 2006ರಲ್ಲಿ ‘ಕ್ಯಾರಿ ದಿ ಬ್ಲೆಸ್ಡ್ ಹೋಮ್’ ಹಾಡಿಗಾಗಿ ಮತ್ತೆ ಇದೇ ಸರಣಿಗೆ ಬಂತು. ಬ್ಲೈಂಡ್ ಗಾರ್ಡಿಯನ್ ಗಾಯಕ ಹಾನ್ಸಿ ಕೂರ್ಶ್, ಗಿಟಾರ್ ವಾದಕ ಜಾನ್ ಶಾಫರ್ ಜೊತೆ ಸೇರಿ ಕಟ್ಟಿದ ಡೀಮನ್ಸ್ ಅಂಡ್ ವಿಝರ್ಡ್ಸ್ ತಂಡದ 2005ರ ಆಲ್ಬಂನಲ್ಲಿ ‘ಟೆರರ್ ಟ್ರೈನ್’ ಇದೆ. ಹುಚ್ಚು ಹಿಡಿದ ಆ ಬ್ಲೇನ್ ರೈಲನ್ನು ನೀವು ಮೂರನೇ ಪುಸ್ತಕದಲ್ಲಿ ಆಗಲೇ ಹತ್ತಿದ್ದೀರಿ, ಆದ್ದರಿಂದ ಇದನ್ನು ಇವತ್ತೇ ಕೇಳಬಹುದು. ‘ಕ್ಯಾರಿ ದಿ ಬ್ಲೆಸ್ಡ್ ಹೋಮ್’ ಮಾತ್ರ ಸರಣಿ ಮುಗಿಯುವವರೆಗೆ ಬೇಡ. ಇವೆಲ್ಲದರಲ್ಲಿ ನನ್ನ ಆಯ್ಕೆ 1992ರ ಆ ಹಾಡು. ಉಳಿದವು ಕಥೆ ಹೇಳುತ್ತವೆ, ಅದು ದಾರಿಯ ದಣಿವನ್ನು ಹೇಳುತ್ತದೆ. 2017ರ ಸಿನಿಮಾಕ್ಕೆ ಟಾಮ್ ಹೋಲ್ಕನ್‌ಬೋರ್ಗ್ ಸಂಗೀತ ಇತ್ತು. ಕೆಲಸ ಅಚ್ಚುಕಟ್ಟು, ಆದರೆ ಈ ಪುಸ್ತಕಗಳ ಸದ್ದು ಅದಲ್ಲ.

ಈಗ ನಿಮ್ಮ ಧಾರಾವಾಹಿಗೆ ಬರೋಣ. ಮೊದಲು ಕಾನೂನಿನ ಮಾತು. ನಮ್ಮ ದೇಶದಲ್ಲಿ ಹಾಡಿನ ಸಾಹಿತ್ಯದ ಹಕ್ಕು ಬರೆದವರು ತೀರಿಕೊಂಡ ಮೇಲೂ 60 ವರ್ಷ ಇರುತ್ತದೆ. ಸಿನಿಮಾ ಹಾಡಿನ ಸಾಲುಗಳನ್ನು ಎತ್ತಿ ಹಾಕಬೇಡಿ. ಹಾಡಿನ ಹೆಸರು ಹೇಳಿದರೆ ತೊಂದರೆ ಇಲ್ಲ. ಬಾಯಿಂದ ಬಾಯಿಗೆ ಬಂದ ನಾಟಿ ಹಾಡಿಗೆ ಈ ಕಟ್ಟು ಇಲ್ಲ. ಆದರೆ ಯಾರೋ ಸಂಗ್ರಹಿಸಿ ಪುಸ್ತಕ ಮಾಡಿದ್ದರೆ ಅವರ ಹೆಸರು ಹೇಳಿ.

ಹಾಡನ್ನು ಹೆದರಿಸುವ ಸಾಧನ ಮಾಡಿಕೊಳ್ಳಬೇಡಿ. ರಾತ್ರಿ ಹನ್ನೆರಡಕ್ಕೆ ಗದ್ದೆಯಲ್ಲಿ ಯಾರೋ ಹಾಡಿದರು, ಹೋಗಿ ನೋಡಿದರೆ ಯಾರೂ ಇಲ್ಲ ಅನ್ನುವುದು ನಿಮ್ಮ ಓದುಗರಿಗೆ ಗೊತ್ತಿರುವ ದಾರಿ. ಮೊದಲು ಆ ಹಾಡು ಹಗಲಲ್ಲಿ ಕೇಳಿಸಲಿ. ಹತ್ತು ಹೆಂಗಸರು ಬಗ್ಗಿ ಸಸಿ ನೆಡುತ್ತಿರಲಿ, ಕಂಬಳಿ ಕೊಪ್ಪೆಯ ಮೇಲೆ ಮಳೆ ಬೀಳುತ್ತಿರಲಿ, ಒಬ್ಬರು ಎತ್ತಿಕೊಡಲಿ, ಉಳಿದವರು ಹಿಡಿಯಲಿ. ಹಾಡು ಅವರ ಸೊಂಟದ ನೋವು ಮರೆಸಲಿ. ಕೈ ಎಲ್ಲ ಒಟ್ಟಿಗೆ ಕೆಸರಿಗೆ ಇಳಿಯಲು ಆ ತಾಳ ಬೇಕು ಅನ್ನುವುದು ಓದುಗರಿಗೆ ತಿಳಿಯಲಿ. ಹಾಡಿನ ಕೆಲಸ ಏನು ಅಂತ ತೋರಿಸಿದ ಮೇಲೆ ಆ ಕೆಲಸ ತಪ್ಪಿಹೋದ ಜಾಗದಲ್ಲಿ ಅದನ್ನು ಇಡಿ. ಒಂದು ಉದಾಹರಣೆ. ಗದ್ದೆಗಳೆಲ್ಲ ಅಡಿಕೆ ತೋಟವಾಗಿ ಎಷ್ಟೋ ವರ್ಷ ಆಗಿದೆ. ನಾಟಿ ನೋಡಿದವರು ಊರಲ್ಲಿ ಯಾರೂ ಉಳಿದಿಲ್ಲ. ಆದರೂ ಆ ಊರಿನ ಮಕ್ಕಳು ಕತ್ತಲಾದ ಕೂಡಲೇ ಒಂದು ಸಾಲು ಹಾಡಿ ಬಾಗಿಲು ಹಾಕಿಕೊಳ್ಳುತ್ತಾರೆ. ಯಾಕೆ ಅಂತ ಕೇಳಿದರೆ, ‘ಹಾಗೇ, ಮೊದಲಿಂದಲೂ ಹಾಡ್ತಾರೆ’ ಅನ್ನುತ್ತಾರೆ. ಹಾಡುವಾಗ ಅವರ ಬೆನ್ನು ತಾನಾಗಿ ಬಗ್ಗುತ್ತದೆ.

ಸದ್ದಿನ ವಿವರ ಕಡಿಮೆ ಕೊಡಿ, ಆದರೆ ಸರಿಯಾಗಿ ಕೊಡಿ. ಮಲೆನಾಡಿನಲ್ಲಿ ಸದ್ದಿನ ದಿಕ್ಕು ನಂಬುವಂತಿಲ್ಲ ಅಂತ ನಿಮಗೇ ಗೊತ್ತು. ಆಚೆ ಗುಡ್ಡದ ಹಿಂದೆ ಯಕ್ಷಗಾನದ ಚೆಂಡೆ ಬಾರಿಸಿದರೆ ಈಚೆ ತೋಟದಿಂದ ಬಂದ ಹಾಗೆ ಕೇಳುತ್ತದೆ. ಜೋರು ಮಳೆಯಲ್ಲಿ ಮಾತು ಮುಚ್ಚಿಹೋಗುತ್ತದೆ, ರಾಗದ ಏರಿಳಿತ ಮಾತ್ರ ಹಾದು ಬರುತ್ತದೆ. ಲಡ್ಡಿನಲ್ಲಿ ಕಿಂಗ್ ಮಾಡಿದ್ದೂ ಇದನ್ನೇ, ಹಾಡಿನ ಒಂದು ತುಂಡನ್ನಷ್ಟೇ ಕೇಳಿಸಿದರು. ನಿಮ್ಮಲ್ಲಿ ಆ ಕೆಲಸವನ್ನು ಮಳೆಯೇ ಮಾಡಿಕೊಡುತ್ತದೆ.

ಬರೆಯುವಾಗ ಏನು ಕೇಳಬೇಕು ಅಂತ ನೀವು ಕೇಳಿಲ್ಲ, ಆದರೂ ಒಂದು ಮಾತು. ಕಿಂಗ್ ತಮ್ಮ ‘ಆನ್ ರೈಟಿಂಗ್’ (2000) ಪುಸ್ತಕದಲ್ಲಿ, ತಾನು ಎಸಿ/ಡಿಸಿ, ಮೆಟಾಲಿಕಾ ಥರದ ಹಾಡು ಜೋರಾಗಿ ಹಾಕಿಕೊಂಡು ಬರೆಯುತ್ತೇನೆ, ಅದು ಬಾಗಿಲು ಮುಚ್ಚಿಕೊಳ್ಳುವ ಇನ್ನೊಂದು ವಿಧಾನ ಅಂದಿದ್ದಾರೆ. ಹೊರಗಿನ ಲೋಕ ಒಳಗೆ ಬರದಿರಲಿ ಅಂತ. ನಿಮಗೆ ಯಾವ ಸದ್ದು ಬಾಗಿಲಾಗುತ್ತದೋ ಅದನ್ನೇ ಹಾಕಿಕೊಳ್ಳಿ.

ಕೊನೆಯದಾಗಿ ನಿಮ್ಮ ಅಜ್ಜಿಯ ಹಾಡು. ಒಂದೇ ಸಾಲು ನೆನಪಿದೆ, ಉಳಿದದ್ದನ್ನು ಕಲ್ಪಿಸಿಕೊಂಡು ಬರೆಯಲಾ ಅನ್ನುವ ಯೋಚನೆ ನಿಮಗೆ ಬಂದೇ ಇರುತ್ತದೆ. ದಯವಿಟ್ಟು ಈಗಲೇ ಬೇಡ. ನಾಟಿ ಹಾಡು ಒಬ್ಬರೇ ಹಾಡುವಂಥದ್ದಲ್ಲ. ನಿಮ್ಮಜ್ಜಿ ಎತ್ತಿಕೊಟ್ಟ ಸಾಲನ್ನು ಹಿಡಿದುಕೊಂಡವರು ಇರಲೇಬೇಕು. ಅವರ ಜೊತೆ ಗದ್ದೆಗೆ ಇಳಿಯುತ್ತಿದ್ದವರಲ್ಲಿ ಈಗ ಯಾರಿದ್ದಾರೆ ಅಂತ ಊರಲ್ಲಿ ವಿಚಾರಿಸಿ. ಮಳೆಗಾಲದಲ್ಲೇ ಹೋಗಿ. ಕುರ್ಚಿಯಲ್ಲಿ ಕೂರಿಸಿ ‘ಹಾಡಿ’ ಅಂದರೆ ಹಾಡು ಬರುವುದಿಲ್ಲ. ಕೈಗೆ ಏನಾದರೂ ಕೆಲಸ ಇರುವಾಗ ಬರುತ್ತದೆ. ಅಡಿಕೆ ಸುಲಿಯುವಾಗಲೋ ಸೊಪ್ಪು ಬಿಡಿಸುವಾಗಲೋ ಪಕ್ಕದಲ್ಲಿ ಕೂತು ನಿಮಗೆ ಗೊತ್ತಿರುವ ಆ ಒಂದು ಸಾಲನ್ನು ನೀವೇ ಹಾಡಿ, ತಪ್ಪಾದರೂ ಪರವಾಗಿಲ್ಲ. ಫೋನಿನ ರೆಕಾರ್ಡರ್ ಅವರನ್ನು ಕೇಳಿಯೇ ಆನ್ ಮಾಡಿ. ಆಮೇಲೆ ಸುಮ್ಮನಿರಿ. ಎರಡನೇ ಸಾಲು ಅವರ ಬಾಯಿಂದ ಬರಲಿ.